ತುಟಿಯಾಡಿಸಿದರೆ ಸಾಕು

‘ಟೀಮ್ ಬಿಲ್ಡಿಂಗ್’ ಎನ್ನುವುದು ಕಂಪನಿಗಳಿಂದ ಕಾಲೇಜುಗಳಿಗೆ ಬಂದ ಮಾತು. ನಾನು ಸಂಶೋಧನೆ ಮಾಡುವ ಕ್ಯಾಂಪಸ್ಸಿನಲ್ಲೇ ಇರುವ ಪದವಿ ಕಾಲೇಜಿನಲ್ಲಿ, ಹೊಸ ವಿದ್ಯಾರ್ಥಿಗಳು ಬಂದ ಎರಡನೇ ತಿಂಗಳಿಗೆ ಇಂಥದೊಂದು ದಿನ ಇಟ್ಟುಕೊಳ್ಳುತ್ತಾರೆ. ಸುತ್ತೋಲೆಯಲ್ಲಿ ಅದನ್ನು ‘ತಂಡ ಕಟ್ಟುವ ದಿನ’ ಎಂದು ಬರೆಯುತ್ತೇವೆ. ಇದನ್ನು ನಡೆಸುವ ಕೆಲಸ ಬರುವುದು ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳ ತಲೆಗೆ. ನಾವು ಮೇಲಿನವರ ಕಣ್ಣಲ್ಲಿ ಮೇಷ್ಟ್ರಲ್ಲ, ಕೆಳಗಿನವರ ಕಣ್ಣಲ್ಲಿ ವಿದ್ಯಾರ್ಥಿಗಳಲ್ಲ. ಹಾಗಾಗಿ ಮೈಕು, ಕುರ್ಚಿ, ಉಪ್ಪಿಟ್ಟಿನ ಲೆಕ್ಕ ಎಲ್ಲವೂ ನಮ್ಮದೇ.

ಎರಡು ವರ್ಷದ ಹಿಂದೆ ಮೊದಲ ಸಲ ನನಗೆ ಈ ಜವಾಬ್ದಾರಿ ಬಂದಾಗ ಅರವತ್ತು ಮಂದಿ ಮಕ್ಕಳಿದ್ದರು. ಅವರ ಪಾಡಿಗೆ ಬಿಟ್ಟರೆ ಹಾಸ್ಟೆಲಿನವರು ಹಾಸ್ಟೆಲಿನವರ ಜೊತೆ, ಒಂದೇ ಬಸ್ಸಿನಲ್ಲಿ ಬರುವವರು ಅವರವರ ಜೊತೆ, ಕನ್ನಡ ಮಾಧ್ಯಮದಿಂದ ಬಂದವರು ಕೊನೆಯ ಬೆಂಚಿನಲ್ಲಿ. ಇದನ್ನು ಒಡೆಯಬೇಕೆಂದು ಚೀಟಿ ಎತ್ತಿಸಿ ಹನ್ನೆರಡು ಜನರ ಐದು ತಂಡ ಮಾಡಿದೆವು. ಸಮೂಹಗಾನ, ಕಿರುನಾಟಕ, ಮೂಕಾಭಿನಯ ಎಂದು ಮೂರು ಸ್ಪರ್ಧೆ. ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ಸಮೂಹಗಾನಕ್ಕೆ ಆರು ಜನರ ಮಿತಿ ಇರುತ್ತದೆ. ನಾವು ಮಾತ್ರ ಹನ್ನೆರಡೂ ಜನ ವೇದಿಕೆ ಹತ್ತಲೇಬೇಕು ಎಂದು ನಿಯಮ ಮಾಡಿ, ‘ಎಲ್ಲರ ಪಾಲ್ಗೊಳ್ಳುವಿಕೆ’ಗೆ ಹತ್ತು ಅಂಕ ಇಟ್ಟೆವು. ಉಳಿದ ಅಂಕಗಳನ್ನು ಯುವಜನೋತ್ಸವದ ಹಾಳೆಯಿಂದಲೇ ಇಳಿಸಿಕೊಂಡೆವು: ಶ್ರುತಿ, ಲಯ, ಉಚ್ಚಾರಣೆ, ಒಟ್ಟು ಪರಿಣಾಮ. ಆ ಹತ್ತು ಅಂಕದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಹಿಂದಿನ ದಿನ ಸಂಜೆ ಒಂದು ತಂಡದ ನಾಯಕ ಬಂದ. ತಂಡದಲ್ಲಿ ಒಬ್ಬ ಹುಡುಗಿಗೆ ಶ್ರುತಿ ಹಿಡಿಯಲು ಬರುವುದಿಲ್ಲ, ದನಿ ಬೇರೆ ದೊಡ್ಡದು. ಅವಳನ್ನು ಬಿಟ್ಟರೆ ಹತ್ತು ಅಂಕ ಹೋಗುತ್ತದೆ, ಹಾಡಿಸಿದರೆ ಶ್ರುತಿಯ ಅಂಕ ಹೋಗುತ್ತದೆ. “ಏನು ಮಾಡೋಣ?” ಎಂದ. ನಾನು ಕುರ್ಚಿ ಎಣಿಸುತ್ತಿದ್ದೆ. ತಲೆ ಎತ್ತದೆ, “ಏನಾದರೂ ಅಡ್ಜಸ್ಟ್ ಮಾಡ್ಕೊಳ್ಳಿ” ಎಂದೆ.

ಅವರು ಅಡ್ಜಸ್ಟ್ ಮಾಡಿಕೊಂಡರು. ಜನಪದ ಗೀತೆ ಹಾಡಿ ಸಮೂಹಗಾನದಲ್ಲಿ ಮೊದಲ ಬಹುಮಾನ ಪಡೆದರು. ಪಾಲ್ಗೊಳ್ಳುವಿಕೆಗೆ ಹತ್ತಕ್ಕೆ ಹತ್ತು. ರಾತ್ರಿ ವಿಡಿಯೊ ನೋಡುವಾಗ ಹಿಂದಿನ ಸಾಲಿನ ಆ ಹುಡುಗಿಯ ಮೇಲೆ ಕಣ್ಣು ಬಿತ್ತು. ತುಟಿ ಹಾಡಿನ ಜೊತೆಗೇ ಆಡುತ್ತಿದೆ, ಕತ್ತಿನ ನರ ಮಾತ್ರ ಒಂದಿಷ್ಟೂ ಬಿಗಿಯಾಗಿಲ್ಲ. ಮರುದಿನ ಕೇಳಿದರೆ ನಾಯಕ ಏನನ್ನೂ ಮುಚ್ಚಿಡಲಿಲ್ಲ. “ತುಟಿಯಾಡಿಸಿದರೆ ಸಾಕು ಅಂದ್ವಿ, ಅವಳೇ ಒಪ್ಕೊಂಡಳು.” ಅವಳೂ ನಗುತ್ತಲೇ ಹೇಳಿದಳು: “ಪರವಾಗಿಲ್ಲ, ಗೆದ್ವಲ್ಲ.”

ಇಲ್ಲಿ ತಪ್ಪು ಮಾಡಿದವರು ಯಾರು? ಈ ಪ್ರಶ್ನೆಯನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದು ಬೆರಳಿಗೆ ಸಿಗುವುದಿಲ್ಲ. ನಾಯಕ ನಿಯಮ ಮುರಿಯಲಿಲ್ಲ. ಹನ್ನೆರಡು ಜನ ವೇದಿಕೆ ಮೇಲಿದ್ದರು, ತೀರ್ಪುಗಾರರು ಕೇಳಿದ್ದಕ್ಕೆ ಅಂಕ ಕೊಟ್ಟರು, ಹುಡುಗಿ ಒಪ್ಪಿದ್ದಳು. ಆದರೆ ಹನ್ನೊಂದು ಜನ ಮುಖ ನೋಡುತ್ತಾ ನಿಂತಾಗ ಒಬ್ಬಳು ‘ಇಲ್ಲ’ ಎನ್ನಲು ಏನು ದಾರಿಯಿದೆ? ತಂಡವನ್ನು ಸೋಲಿಸಿದವಳು ಎಂಬ ಹೆಸರನ್ನು ಹದಿನೆಂಟನೇ ವಯಸ್ಸಿನಲ್ಲಿ, ಕಾಲೇಜಿನ ಎರಡನೇ ತಿಂಗಳಲ್ಲಿ ಯಾರು ಹೊರುತ್ತಾರೆ? ಒಪ್ಪಿಗೆ ನಿಜ, ಆದರೆ ಒಪ್ಪದೆ ಇರುವುದರ ಬೆಲೆಯನ್ನು ಮೊದಲೇ ಬರೆದಿಟ್ಟಿದ್ದವರು ನಾವು.

ಎದುರು ವಾದವನ್ನೂ ಹೇಳಬೇಕು. ಅಪಸ್ವರದಲ್ಲಿ ಹಾಡುವುದು ಯಾರ ಹಕ್ಕೂ ಅಲ್ಲ. ಅದೊಂದು ಸಂಗೀತ ಸ್ಪರ್ಧೆಯಾಗಿದ್ದರೆ ಅವಳನ್ನು ಬಿಟ್ಟಿದ್ದಕ್ಕೆ ನಾನು ತಕರಾರು ಎತ್ತುತ್ತಿರಲಿಲ್ಲ. ‘ಪಾಪ, ಅವಳೂ ಹಾಡಲಿ’ ಎಂಬ ಕನಿಕರ ಅವಳಿಗೆ ಇನ್ನೂ ದೊಡ್ಡ ಅವಮಾನವಾಗಬಹುದಿತ್ತು. ಆದರೆ ಆ ದಿನ ಸಂಗೀತಕ್ಕಾಗಿ ಇರಲಿಲ್ಲ. ಗುರುತಿಲ್ಲದ ಹನ್ನೆರಡು ಜನ ಒಬ್ಬರನ್ನೊಬ್ಬರು ಅರಿಯಲಿ ಎಂದು ಹಾಡನ್ನು ಒಂದು ನೆಪವಾಗಿ ತಂದಿದ್ದೆವು. ನಮ್ಮ ಅಂಕದ ಹಾಳೆ ಅದನ್ನು ತಿರುಗಿಸಿತು. ಜನ ಹಾಡಿಗೆ ನೆಪವಾದರು. ಹತ್ತು ಅಂಕ ಕೊಟ್ಟು ‘ಎಲ್ಲರೂ’ ಎಂಬುದನ್ನು ಕಾಪಾಡುತ್ತೇನೆ ಎಂದುಕೊಂಡಿದ್ದೆ. ಅಂಕ ಸಿಕ್ಕೊಡನೆ ‘ಎಲ್ಲರೂ’ ಕೂಡ ಒಂದು ಐಟಂ ಆಗಿಬಿಟ್ಟಿತು. ವೇದಿಕೆಯ ಮೇಲೆ ನಿಲ್ಲಿಸಿದರೆ ಮುಗಿಯಿತು.

ಚೀಟಿ ಎತ್ತಿ ತಂಡ ಮಾಡುವ ನಮ್ಮ ಉಪಾಯ ಹೊಸದೇನಲ್ಲ. ಕ್ರಿ.ಪೂ. 508ರ ಸುಮಾರಿಗೆ ಅಥೆನ್ಸಿನಲ್ಲಿ ಕ್ಲೈಸ್ತೆನೀಸ್ ಹಳೆಯ ಮನೆತನಗಳ ಹಿಡಿತ ಸಡಿಲಿಸಲು ನಗರ, ಕರಾವಳಿ, ಒಳನಾಡು ಮೂರೂ ಕಡೆಯವರನ್ನು ಬೆರೆಸಿ ಹತ್ತು ಹೊಸ ಬಣಗಳನ್ನು ಮಾಡಿದ. ಡಯೊನೈಸಸ್ ದೇವರ ಹಬ್ಬದಲ್ಲಿ ಪ್ರತಿ ಬಣದಿಂದ ಐವತ್ತು ಗಂಡಸರ ಒಂದು ಮೇಳ, ಐವತ್ತು ಹುಡುಗರ ಒಂದು ಮೇಳ ಹಾಡಿ ಕುಣಿದು ಸ್ಪರ್ಧಿಸುತ್ತಿದ್ದವು. ಇಡೀ ಊರೇ ನಡೆಸಿದ ಟೀಮ್ ಬಿಲ್ಡಿಂಗ್ ಅದು. ಮೇಳದ ಖರ್ಚು, ತಾಲೀಮು ಎಲ್ಲ ‘ಕೊರೆಗೋಸ್’ ಎಂದು ಕರೆಯುತ್ತಿದ್ದ ಒಬ್ಬ ಸಿರಿವಂತನ ಹೊಣೆ.

ಅಂಥ ಒಬ್ಬ ಕೊರೆಗೋಸ್‌ಗಾಗಿ ಆಂಟಿಫೋನ್ ಎಂಬ ವಾಗ್ಮಿ ಬರೆದುಕೊಟ್ಟ ನ್ಯಾಯಾಲಯದ ಭಾಷಣವೊಂದು ಉಳಿದು ಬಂದಿದೆ. ಥಾರ್ಗೇಲಿಯ ಎಂಬ ಹಬ್ಬಕ್ಕೆ ಇವನ ಮನೆಯಲ್ಲಿ ಹುಡುಗರ ಮೇಳದ ತಾಲೀಮು ನಡೆಯುತ್ತಿತ್ತು. ಡಿಯೊಡೋಟಸ್ ಎಂಬ ಹುಡುಗ ಯಾವುದೋ ಔಷಧ ಕುಡಿದು ಸತ್ತುಹೋದ. ದನಿ ಚೆನ್ನಾಗಲಿ ಎಂದು ಅದನ್ನು ಕುಡಿಸಿದ್ದರು ಎಂದು ಆ ಭಾಷಣಕ್ಕೆ ಪ್ರಾಚೀನರು ಸೇರಿಸಿದ ಪೀಠಿಕೆ ಹೇಳುತ್ತದೆ. ಕೊರೆಗೋಸ್‌ನ ವಾದ ಇಷ್ಟು: ನಾನು ಕುಡಿಸಲಿಲ್ಲ, ಕುಡಿಸಲು ಹೇಳಲಿಲ್ಲ, ಬಲವಂತ ಮಾಡಲಿಲ್ಲ, ಅಲ್ಲಿ ಇರಲೂ ಇಲ್ಲ. ಬೇರೆ ಕೆಲಸದಲ್ಲಿದ್ದೆ, ಮೇಳ ನೋಡಿಕೊಳ್ಳಲು ನಂಬಿಕಸ್ಥರನ್ನು ನೇಮಿಸಿದ್ದೆ.

ಇದನ್ನು ಓದಿದಾಗ ಕುರ್ಚಿ ಎಣಿಸುತ್ತಿದ್ದ ನಾನು ನೆನಪಾದೆ. ನಮ್ಮಲ್ಲಿ ಯಾರೂ ಸಾಯಲಿಲ್ಲ, ಹೋಲಿಕೆ ಅತಿಯಾಯಿತು, ಒಪ್ಪುತ್ತೇನೆ. ಆದರೆ ಆ ವಾದದ ರಚನೆ ಎಷ್ಟು ಪರಿಚಿತ! ಅದರ ಒಂದೊಂದು ಮಾತೂ ನಿಜವಿರಬಹುದು. ಹುಡುಗನ ದನಿ ಇರುವುದಕ್ಕಿಂತ ಚೆನ್ನಾಗಿರಲೇಬೇಕು ಎಂಬ ಒತ್ತಾಯ ಆ ಮನೆಯೊಳಗೆ ಎಲ್ಲಿಂದ ಬಂತು ಎಂಬುದನ್ನು ಮಾತ್ರ ಆ ನಿಜಗಳು ಮುಟ್ಟುವುದಿಲ್ಲ.

ಹಾಗಾದರೆ ಸ್ಪರ್ಧೆಯನ್ನೇ ಬಿಟ್ಟರೆ? ರೂಸೋ ಈ ವಿಷಯದಲ್ಲಿ ನನ್ನ ಹಾಗೆಯೇ ಎರಡು ದೋಣಿಯಲ್ಲಿ ಕಾಲಿಟ್ಟವನು. ಅಸಮಾನತೆಯ ಕುರಿತ 1755ರ ಪ್ರಬಂಧದಲ್ಲಿ ಆದಿಮಾನವರು ಗುಡಿಸಲ ಮುಂದೆ, ದೊಡ್ಡ ಮರದ ಸುತ್ತ ಸೇರಿ ಹಾಡಿ ಕುಣಿಯುವ ಚಿತ್ರ ಬರುತ್ತದೆ. ಪ್ರತಿಯೊಬ್ಬರೂ ಉಳಿದವರನ್ನು ನೋಡತೊಡಗುತ್ತಾರೆ, ತಮ್ಮನ್ನೂ ನೋಡಲಿ ಎಂದು ಬಯಸುತ್ತಾರೆ. ಚೆನ್ನಾಗಿ ಹಾಡುವವರಿಗೆ, ಕುಣಿಯುವವರಿಗೆ ಹೆಚ್ಚಿನ ಮನ್ನಣೆ. ಅಸಮಾನತೆಯ ಕಡೆಗೆ ಮೊದಲ ಹೆಜ್ಜೆ ಅದೇ ಎನ್ನುತ್ತಾನೆ. ಮೂರು ವರ್ಷದ ನಂತರ, ಜಿನೀವಾಕ್ಕೆ ನಾಟಕಶಾಲೆ ಬೇಡ ಎಂದು ದಾಲಂಬೇರ್‌ಗೆ ಬರೆದ ಪತ್ರದಲ್ಲಿ, ಅದೇ ಹಾಡು ಕುಣಿತವನ್ನು ಬಯಲಲ್ಲಿ ಎಲ್ಲರೂ ಸೇರಿ ಆಡಲಿ, ನೋಡುವವರೇ ಆಡುವವರಾಗಲಿ ಎಂದು ಕೇಳುತ್ತಾನೆ. ಬಾಲ್ಯದಲ್ಲಿ ಒಂದು ರಾತ್ರಿ ಕವಾಯತು ಮುಗಿಸಿದ ನಾಗರಿಕ ಸೈನಿಕರು ಕಾರಂಜಿಯ ಸುತ್ತ ಕೈಹಿಡಿದು ಕುಣಿದದ್ದು, ಕಿಟಕಿಯಿಂದ ನೋಡುತ್ತಿದ್ದ ಹೆಂಗಸರು ತಡೆಯಲಾರದೆ ಕೆಳಗಿಳಿದು ಬಂದದ್ದು, ಅಪ್ಪ ತನ್ನನ್ನು ತಬ್ಬಿಕೊಂಡದ್ದು ಅವನಿಗೆ ನೆನಪಿದೆ. ಅಲ್ಲಿ ಯಾರೂ ಯಾರಿಗೂ ತುಟಿಯಾಡಿಸಿದರೆ ಸಾಕು ಎಂದಿರಲಾರರು. ಆದರೆ ಅದೇ ಪತ್ರದಲ್ಲಿ ಓಟ, ಕುಸ್ತಿ, ದೋಣಿಗಳಿಗೆ ಸ್ಪರ್ಧೆಯಿಟ್ಟು ಬಹುಮಾನ ಕೊಡಬಾರದೇಕೆ ಎಂದೂ ಕೇಳುತ್ತಾನೆ. ಬಹುಮಾನವನ್ನು ಬಿಡಲು ಅವನಿಗೂ ಆಗಲಿಲ್ಲ.

ಕಳೆದ ವರ್ಷ ನಾನು ಬಿಟ್ಟು ನೋಡಿದೆ. ಅಂಕವಿಲ್ಲ, ತೀರ್ಪುಗಾರರಿಲ್ಲ, ಎಲ್ಲರಿಗೂ ಪ್ರಮಾಣಪತ್ರ. ಕಾರ್ಯಕ್ರಮ ನೆಲಕಚ್ಚಿತು. ಯಾರೂ ತಾಲೀಮಿಗೆ ಸೇರಲಿಲ್ಲ. ಒಂದು ತಂಡ ಫೋನಿನಲ್ಲಿ ಸಿನಿಮಾ ಹಾಡು ಹಾಕಿ ಕೈ ಬೀಸಿ ಇಳಿಯಿತು. ಯಾರಿಗೂ ನೋವಾಗಲಿಲ್ಲ, ಯಾರಿಗೂ ಯಾರೂ ಬೇಕಾಗಲಿಲ್ಲ. ಊಟದ ಹೊತ್ತಿಗೆ ಹಾಸ್ಟೆಲಿನವರು ಹಾಸ್ಟೆಲಿನವರ ಜೊತೆ, ಬಸ್ಸಿನವರು ಬಸ್ಸಿನವರ ಜೊತೆ.

ಇದಕ್ಕಿಂತ ಇರಿಸುಮುರಿಸಿನ ಸಂಗತಿ ಇನ್ನೊಂದಿದೆ. ಮೊದಲ ವರ್ಷ ಗೆದ್ದ ಆ ತಂಡದ ಏಳೆಂಟು ಜನ ಇವತ್ತಿಗೂ ಕ್ಯಾಂಟೀನಿನಲ್ಲಿ ಒಟ್ಟಿಗೆ ಕೂರುತ್ತಾರೆ. ಅವಳೂ ಅಲ್ಲೇ ಇರುತ್ತಾಳೆ. ತಂಡದೊಳಗೆ ಅವಳ ಹೆಸರು ‘ಸೈಲೆಂಟ್ ಮೋಡ್’. ಕರೆದಾಗ ಅವಳು ಓಗೊಡುತ್ತಾಳೆ, ಬೈಯುತ್ತಾಳೆ, ನಗುತ್ತಾಳೆ. ಆ ಹೆಸರಿನಲ್ಲಿ ಎಷ್ಟು ಸಲಿಗೆ, ಎಷ್ಟು ಗಾಯ ಎಂದು ಹೊರಗಿನಿಂದ ತೂಗಲು ಬರುವುದಿಲ್ಲ. ತಂಡವಂತೂ ಕಟ್ಟಿತು. ಅದಕ್ಕೆ ತಗಲಿದ ಬೆಲೆಯನ್ನು ಹನ್ನೆರಡು ಜನ ಹಂಚಿಕೊಳ್ಳಲಿಲ್ಲ ಎಂಬುದಷ್ಟೇ ನನಗೆ ಖಚಿತ. ಬೆಲೆ ಕೊಟ್ಟವಳೇ ದೂರದಿದ್ದಾಗ ಅವಳ ಪರವಾಗಿ ನೊಂದುಕೊಳ್ಳಲು ನಾನು ಯಾರು ಎಂಬ ಪ್ರಶ್ನೆಯೂ ಇದೆ. ನನ್ನ ನೋವಿನಲ್ಲಿ ನನ್ನ ಹೆಮ್ಮೆಯ ಹತ್ತು ಅಂಕ ಮುರಿದುಬಿದ್ದ ಬೇಸರವೇ ಹೆಚ್ಚಿರಬಹುದು.

ಈ ವರ್ಷ ಅವಳು ಅಂತಿಮ ಪದವಿಯಲ್ಲಿದ್ದಾಳೆ, ಕಾರ್ಯಕ್ರಮಕ್ಕೆ ಸ್ವಯಂಸೇವಕಿ. ಹೋದ ವಾರ ಸಭಾಂಗಣದಲ್ಲಿ ಕುರ್ಚಿ ಎಣಿಸುವಾಗ ಜೊತೆಗಿದ್ದಳು. ಸ್ಪರ್ಧೆ ಇಡಬೇಕೋ ಬೇಡವೋ ಎಂದು ಅವಳನ್ನೇ ಕೇಳಿದೆ. “ಇಡಿ, ಇಲ್ಲದಿದ್ರೆ ಯಾರೂ ಬರಲ್ಲ” ಎಂದಳು. ಸ್ವಲ್ಪ ಹೊತ್ತು ತಡೆದು, ಆ ವರ್ಷದ ಹಾಡಿನ ಬಗ್ಗೆ ಕೇಳಿದೆ. ಬೇಜಾರಾಗಿತ್ತಾ?

“ಹಾಡದೆ ಇದ್ದಿದ್ದಕ್ಕಾ? ಅಷ್ಟೇನಿಲ್ಲ,” ಎಂದಳು. “ಆದ್ರೆ ಅದು ನಮ್ಮಜ್ಜಿ ಹಾಡು. ಬೀಸುವಾಗ ಹಾಡ್ತಿದ್ಳು. ಅವರಿಗ್ಯಾರಿಗೂ ಗೊತ್ತಿರಲಿಲ್ಲ, ನಾನೇ ಬರೆದುಕೊಟ್ಟು ಹೇಳಿಕೊಟ್ಟಿದ್ದು. ಬಹುಮಾನ ಕೊಡುವಾಗ ಹಾಡು ಎಲ್ಲಿಂದ ಬಂತು ಅಂತ ಕೇಳ್ತಾರೇನೋ ಅಂದ್ಕೊಂಡಿದ್ದೆ.”

ಎರಡು ವರ್ಷ ನಾನು ಅವಳ ದನಿಯ ಬಗ್ಗೆ ಯೋಚಿಸಿದ್ದೆ, ಹಾಡಿನ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ. ಅವಳು ಮತ್ತೆ ಎಣಿಸಲು ಶುರು ಮಾಡಿದಳು. ಎಂಬತ್ತನಾಲ್ಕು ಕುರ್ಚಿ, ಅದರಲ್ಲಿ ಮೂರರ ಕಾಲು ಮುರಿದಿತ್ತು. ಅಂಕದ ಹಾಳೆಯನ್ನು ಸೋಮವಾರ ಕೊಡಬೇಕು. ಶ್ರುತಿ, ಲಯ, ಉಚ್ಚಾರಣೆ ಎಂದು ಬರೆದು, ಅಳಿಸಿ, ಹಾಗೇ ಇಟ್ಟುಕೊಂಡಿದ್ದೇನೆ.