ತೆರವಾದ ಜಾಗದಲ್ಲಿ ನಿಂತವನು

ಬ್ಯಾಂಕಿನ ಉದ್ಯೋಗದಲ್ಲಿ ‘ಅಫಿಶಿಯೇಟಿಂಗ್’ ಎಂಬ ಒಂದು ಮಾತಿದೆ. ಅಧಿಕಾರಿಯೊಬ್ಬರು ರಜೆಯಲ್ಲಿ ಹೋದರೆ ಗುಮಾಸ್ತರಲ್ಲೊಬ್ಬ ಆ ಕುರ್ಚಿಯಲ್ಲಿ ಕುಳಿತು ಅವರ ಕೆಲಸ ನೋಡಿಕೊಳ್ಳಬೇಕು. ಅಷ್ಟು ದಿನಗಳಿಗೆ ಸ್ವಲ್ಪ ಹೆಚ್ಚಿನ ಭತ್ಯೆ ದೊರೆಯುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಖೆಯ ಅಧಿಕಾರಿಯೊಬ್ಬರು ಕಾಮಾಲೆಯಿಂದ ಮಲಗಿದಾಗ ಆ ಕುರ್ಚಿ ಒಂದೂವರೆ ತಿಂಗಳ ಕಾಲ ನನ್ನದಾಯಿತು. ಕೆಲಸ ಚೆನ್ನಾಗಿಯೇ ನಡೆಯಿತು, ನಾಲ್ಕು ಜನ ಮೆಚ್ಚಿದರು. ಒಂದು ಸಂಜೆ ಅಟೆಂಡರ್ ಬಂದು, ‘ಸಾರ್‌ಗೆ ಗುಣವಾಗಿದೆ, ಸೋಮವಾರ ಬರುತ್ತಾರಂತೆ’ ಎಂದ. ನನ್ನ ಬಾಯಿ ‘ಒಳ್ಳೆಯದಾಯಿತು’ ಎಂದಿತು. ಮನಸ್ಸು ಮಾತ್ರ ಒಂದು ಕ್ಷಣ ಸುಮ್ಮನಿತ್ತು. ಆ ಒಂದು ಕ್ಷಣ ನನ್ನನ್ನು ಬಹುಕಾಲ ಕಾಡಿದೆ. ಇನ್ನೊಬ್ಬರ ಸಂಕಟದಿಂದ ತೆರವಾದ ಜಾಗದಲ್ಲಿ ನಿಂತು ನಾವು ಮೇಲೇರಿದರೆ, ಆ ಏಳಿಗೆ ಎಷ್ಟರ ಮಟ್ಟಿಗೆ ನಮ್ಮದು?

ಈ ಹಳೆಯ ಪ್ರಶ್ನೆಯನ್ನು ನನ್ನಲ್ಲಿ ಮತ್ತೆ ಕೆದಕಿದವನು ಅಮೆರಿಕದ ಒಬ್ಬ ತರುಣ ಆಟಗಾರ. ಅಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯ ರಜೆಯಲ್ಲಿ ಊರಿಗೆ ಬಂದಾಗ, ‘ಮಾವ, ಇವನ ಕತೆ ಕೇಳಿ’ ಎಂದು ಹೇಳಿದ್ದು ಪುಕಾ ನಕೂವಾ ಎಂಬವನ ಕತೆ.

ಅಮೆರಿಕನ್ನರು ಫುಟ್‌ಬಾಲ್ ಎನ್ನುವ ಆಟ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅಂಚಿನಿಂದ ಓಡಿಹೋಗಿ ಅದನ್ನು ಹಿಡಿಯುವವನು ವೈಡ್ ರಿಸೀವರ್. ಈ ಹೆಸರಿನಲ್ಲೇ ಒಂದು ತತ್ತ್ವವಿದೆ. ರಿಸೀವರ್ ಎಂದರೆ ಪಡೆಯುವವನು. ಅವನು ಎಷ್ಟೇ ಚೆನ್ನಾಗಿ ಓಡಲಿ, ಇನ್ನೊಬ್ಬ ಎಸೆಯದ ಹೊರತು ಅವನ ಕೈಗೆ ಏನೂ ಬರುವುದಿಲ್ಲ.

ನಕೂವಾ ಹುಟ್ಟಿದ್ದು 2001ರಲ್ಲಿ, ಯೂಟಾ ರಾಜ್ಯದ ಪ್ರೊವೊ ಎಂಬಲ್ಲಿ. 2012ರಲ್ಲಿ ತಂದೆ ತೀರಿಕೊಂಡರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದವನು ಅದನ್ನು ಬಿಟ್ಟು ಹುಟ್ಟೂರಿನ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಮರಳಿದ. ಕಾಲೇಜಿನ ದಿನಗಳಲ್ಲಿ ಗಾಯಗಳೂ ಕಾಡಿದವು. ಅಲ್ಲಿ ವೃತ್ತಿಪರ ತಂಡಗಳು ಪ್ರತಿವರ್ಷ ‘ಡ್ರಾಫ್ಟ್’ ಎಂಬ ಏರ್ಪಾಡಿನಲ್ಲಿ, ಸರದಿಯ ಪ್ರಕಾರ ಏಳು ಸುತ್ತುಗಳಲ್ಲಿ ಹೊಸಬರನ್ನು ಆರಿಸಿಕೊಳ್ಳುತ್ತವೆ. 2023ರ ಏಪ್ರಿಲಿನಲ್ಲಿ ಲಾಸ್ ಏಂಜಲಿಸ್ ರ್‍ಯಾಮ್ಸ್ ತಂಡ ಇವನನ್ನು ಆರಿಸಿದ್ದು ಐದನೆಯ ಸುತ್ತಿನಲ್ಲಿ, 177ನೆಯವನಾಗಿ. ಅಂದರೆ, ಬಲ್ಲವರೆಂಬವರು ಇವನಿಗಿಂತ ಮೊದಲು 176 ಮಂದಿಯನ್ನು ಆರಿಸಿಯಾಗಿತ್ತು.

ಆ ತಂಡದಲ್ಲಿ ಅದಾಗಲೇ ಕೂಪರ್ ಕಪ್ ಎಂಬ ಹೆಸರಾಂತ ರಿಸೀವರ್ ಇದ್ದ. 2021ರ ಋತುವಿನಲ್ಲಿ 145 ಎಸೆತಗಳನ್ನು ಹಿಡಿದು 1,947 ಗಜ ಗಳಿಸಿದವನು. 2023ರ ಋತು ಆರಂಭವಾಗುವ ಹೊತ್ತಿಗೆ ಅವನ ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟಾಗಿ, ಮೊದಲ ನಾಲ್ಕು ಪಂದ್ಯಗಳಿಗೆ ಇಲ್ಲವಾದ. ಜಾಗ ತೆರವಾಯಿತು. ನಕೂವಾ ಮೊದಲ ಪಂದ್ಯದಲ್ಲೇ 10 ಎಸೆತ ಹಿಡಿದು 119 ಗಜ ಗಳಿಸಿದ. ಎರಡನೆಯದರಲ್ಲಿ 15 ಎಸೆತ, 147 ಗಜ. ಋತು ಮುಗಿದಾಗ ಅವನ ಲೆಕ್ಕ 105 ಎಸೆತ, 1,486 ಗಜ. ಹೊಸಬನೊಬ್ಬ ಒಂದೇ ಋತುವಿನಲ್ಲಿ ಅಷ್ಟು ಗಳಿಸಿದ್ದು ಅದೇ ಮೊದಲು. ಬಿಲ್ ಗ್ರೋಮನ್ 1960ರಲ್ಲಿ ಸ್ಥಾಪಿಸಿದ 1,473 ಗಜಗಳ ದಾಖಲೆಯನ್ನು ಇವನು ದಾಟಿದ. (ಗ್ರೋಮನ್ನನ ಕಾಲದಲ್ಲಿ ಋತುವಿಗೆ 14 ಪಂದ್ಯ, ಈಗ 17. ಲೆಕ್ಕ ಬರೆಯುವವನು ಇದನ್ನು ಮರೆಮಾಚಬಾರದು.)

ಈಗ ಪ್ರಶ್ನೆಗೆ ಬರೋಣ. ಕಪ್‌ಗೆ ಪೆಟ್ಟಾಗದಿದ್ದರೆ? ನಕೂವಾ ಬೆಂಚಿನಲ್ಲೇ ಉಳಿಯುತ್ತಿದ್ದನೋ ಏನೋ. ಆದುದರಿಂದ ಇದೆಲ್ಲ ಅದೃಷ್ಟ ಎನ್ನುವವರಿದ್ದಾರೆ. ಆದರೆ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಕಪ್ ಇಲ್ಲದ ನಾಲ್ಕು ಪಂದ್ಯಗಳಲ್ಲಿ ನಕೂವಾ ಹಿಡಿದದ್ದು 39 ಎಸೆತ. ಉಳಿದ 66 ಬಂದದ್ದು ಕಪ್ ಮರಳಿದ ಮೇಲೆ. ಅದೃಷ್ಟ ಬಾಗಿಲು ತೆರೆಯಿತು ನಿಜ, ಒಳಗೆ ನಿಂತವನ ಕಾಲು ಅವನದೇ.

ಹಾಗೆಂದು ‘ಅರ್ಹತೆಯಿದ್ದವನು ಎಂದಿದ್ದರೂ ಮೇಲೆ ಬರುತ್ತಾನೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಅದು ಗೆದ್ದವರು ಗೆದ್ದ ಮೇಲೆ ಹೇಳುವ ಮಾತು. ಮುಂದಿನವನಿಗೆ ಪೆಟ್ಟಾಗದ ಕಾರಣಕ್ಕೇ ಬೆಂಚಿನಲ್ಲಿ ಕುಳಿತು, ಒಂದೆರಡು ವರ್ಷಗಳಲ್ಲಿ ಮನೆಗೆ ಹೋದ ನಕೂವಾಗಳು ಎಷ್ಟೋ! ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಜಾನ್ ರಾಲ್ಸ್ ಎಂಬ ಅಮೆರಿಕನ್ ತತ್ತ್ವಜ್ಞಾನಿ 1971ರಲ್ಲಿ ಪ್ರಕಟವಾದ ತನ್ನ ನ್ಯಾಯಸಿದ್ಧಾಂತದ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ಹುಟ್ಟಿನಿಂದ ಬಂದ ಸಾಮರ್ಥ್ಯವೂ ನಮ್ಮ ಗಳಿಕೆಯಲ್ಲ. ಶ್ರಮಿಸುವ ಗುಣ ಕೂಡ ಬೆಳೆದ ಮನೆ, ಪರಿಸರಗಳನ್ನು ಬಹಳಷ್ಟು ಅವಲಂಬಿಸಿದೆ ಎಂಬುದು ಅವನ ವಾದ. ವಾದ ಬಲವಾದದ್ದೇ. ಆದರೆ ಅದನ್ನು ಕೊನೆಯವರೆಗೆ ಎಳೆದರೆ ಮನುಷ್ಯನೇ ಉಳಿಯುವುದಿಲ್ಲ. ಹೊಗಳಲೂ ಯಾರಿಲ್ಲ, ತೆಗಳಲೂ ಯಾರಿಲ್ಲ.

ಇಲ್ಲಿ ನನಗೆ ನೆನಪಾಗುವುದು ಗೀತೆಯ ಹದಿನೆಂಟನೆಯ ಅಧ್ಯಾಯ. ಯಾವುದೇ ಕರ್ಮ ಕೈಗೂಡಲು ಐದು ಕಾರಣಗಳು ಅಲ್ಲಿ ಹೇಳಲ್ಪಟ್ಟಿವೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಐದನೆಯದು ದೈವ. ದೈವವನ್ನು ಬಿಟ್ಟಿಲ್ಲ, ಅದೊಂದೇ ಎಂದೂ ಹೇಳಿಲ್ಲ. ತಾನೊಬ್ಬನೇ ಕರ್ತೃ ಎಂದು ತಿಳಿಯುವವನು ಸರಿಯಾಗಿ ಕಾಣುತ್ತಿಲ್ಲ ಎಂದೂ ಅಲ್ಲೇ ಎಚ್ಚರಿಕೆಯಿದೆ. ನಕೂವಾನ ಕತೆಗೆ ಈ ಲೆಕ್ಕ ಹೊಂದುತ್ತದೆ: ಆಡುವ ಅಂಗಣ, ಆಟಗಾರ, ಅವನ ಕೈಕಾಲು, ಅವನ ಅಭ್ಯಾಸ, ಮತ್ತೊಬ್ಬನ ಸ್ನಾಯುವಿಗಾದ ಪೆಟ್ಟು. ಐದರಲ್ಲಿ ಒಂದನ್ನು ಅಳಿಸಿದರೂ ಮೊತ್ತ ತಾಳೆಯಾಗುವುದಿಲ್ಲ.

ಹಾಗಾದರೆ ತೆರವಾದ ಜಾಗದಲ್ಲಿ ನಿಂತು ಸಂತೋಷಪಡುವುದು ತಪ್ಪೇ? ಜಾಗ ತೆರವಾಗಲೆಂದು ಬಯಸುವುದು ಬೇರೆ, ತೆರವಾದಾಗ ತುಂಬುವುದು ಬೇರೆ. ಮೊದಲನೆಯದು ದೋಷ, ಎರಡನೆಯದು ಕರ್ತವ್ಯ. ಆದರೆ ಇವೆರಡರ ನಡುವಿನ ಗೋಡೆ ತೀರ ತೆಳ್ಳಗಿನದು. ಅದು ಗಟ್ಟಿಯಿದೆಯೋ ಇಲ್ಲವೋ ಎಂದು ತಿಳಿಯುವುದು ಆ ಇನ್ನೊಬ್ಬ ಮರಳಿ ಬಂದ ದಿನ. ನನ್ನ ಗೋಡೆಯಲ್ಲಿ ಬಿರುಕಿತ್ತೆಂದು ಆ ಸಂಜೆ ನನಗೆ ಗೊತ್ತಾಯಿತು.

ದೈವವಾದರೋ ಒಬ್ಬನ ಕಡೆಗೇ ನಿಲ್ಲುವುದಿಲ್ಲ. 2024ರ ಋತುವಿನ ಮೊದಲ ಪಂದ್ಯದಲ್ಲೇ ನಕೂವಾನ ಮೊಣಕಾಲಿಗೆ ಪೆಟ್ಟಾಯಿತು. ಮುಂದಿನ ಪಂದ್ಯದಲ್ಲಿ ಕಪ್‌ಗೂ. ಇಬ್ಬರ ಜಾಗಗಳಲ್ಲೂ ಕೆಲವು ವಾರ ಬೇರೆಯವರು ನಿಂತರು. 2025ರ ಮಾರ್ಚಿನಲ್ಲಿ ರ್‍ಯಾಮ್ಸ್ ತಂಡ ಕಪ್‌ನನ್ನು ಕೈಬಿಟ್ಟಿತು. ಅವನು ಸಿಯಾಟಲ್ ತಂಡವನ್ನು ಸೇರಿದ. ಅಂದ ಹಾಗೆ, ಈ ಕಪ್ ಕೂಡ 2017ರಲ್ಲಿ ಮೂರನೆಯ ಸುತ್ತಿನಲ್ಲಿ, 69ನೆಯವನಾಗಿ ಆಯ್ಕೆಯಾದವನೇ. ಜಾಗಕ್ಕೆ ಒಡೆಯರಿಲ್ಲ, ಸ್ವಲ್ಪ ಕಾಲ ನಿಲ್ಲುವವರು ಮಾತ್ರ ಇದ್ದಾರೆ.

ದಾನ ಪಡೆಯುವುದು ಹಗುರವಾದ ಕೆಲಸವಲ್ಲ, ಪಡೆದವನ ಮೇಲೆ ಅದರ ಭಾರವಿರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅವಕಾಶವೂ ಒಂದು ದಾನವೇ. ಕೊಟ್ಟವರು ಯಾರೆಂದು ತಿಳಿಯದ್ದರಿಂದ ಅದರ ಋಣವನ್ನು ಹಿಂದಕ್ಕೆ ತೀರಿಸಲು ಬರುವುದಿಲ್ಲ, ಮುಂದಿನವನಿಗೆ ತೀರಿಸಬೇಕು. ಗೆದ್ದವನು ಬೆಂಚಿನಲ್ಲಿ ಕುಳಿತವನನ್ನು ಕೀಳಾಗಿ ಕಾಣದಿದ್ದರೆ, ಆ ಋಣದ ಮೊದಲ ಕಂತು ಸಂದಂತೆ.

ಬೆಂಚಿನಲ್ಲಿ ಕುಳಿತವರಿಗೂ ಒಂದು ಮಾತಿದೆ. ಅದನ್ನು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಲವತ್ತು ದಾಟಿದರೂ ನಾನಿನ್ನೂ ಗುಮಾಸ್ತನೇ. ಬಡ್ತಿಯಾದರೆ ದೂರದ ಊರಿಗೆ ವರ್ಗ; ಮನೆಯಲ್ಲಿ ವಯಸ್ಸಾದ ತಾಯಿ. ಆದ್ದರಿಂದ ಪರೀಕ್ಷೆಗೆ ಕೂರಲಿಲ್ಲ ಎಂದು ಎಲ್ಲರೊಡನೆ ಹೇಳಿದ್ದೇನೆ. ಅದು ಸುಳ್ಳಲ್ಲ. ಆದರೆ ಕೂತಿದ್ದರೆ ತೇರ್ಗಡೆಯಾಗುವಷ್ಟು ಓದಿದ್ದೆನೇ? ದೈವಕ್ಕೆ ಅದರ ಪಾಲು ಕೊಡುವಾಗ ನನ್ನ ಸೋಮಾರಿತನದ ಪಾಲನ್ನೂ ಅದರ ಖಾತೆಗೇ ಬರೆದೆನೇ? 177ನೆಯವನಾಗಿ ಬಂದ ಆ ತರುಣ ತನ್ನ ಸರದಿ ಬರುವುದೋ ಇಲ್ಲವೋ ತಿಳಿಯದೆಯೇ ಸಿದ್ಧನಾಗಿದ್ದ. ಅವನ ಏಳಿಗೆಯಲ್ಲಿ ನಿಸ್ಸಂದೇಹವಾಗಿ ಅವನದೆನ್ನಬಹುದಾದದ್ದು ಆ ಸಿದ್ಧತೆ. ಅವಕಾಶ ಬಾರದೆ ಹೋದವರಿಗೂ ಅಷ್ಟೇ ಸ್ವಂತವಾದದ್ದು ಅದೊಂದೇ.

ಆ ಸೋಮವಾರ ಅಧಿಕಾರಿಗಳು ಬಂದರು. ನಾನೆದ್ದು ಬೀಗದ ಕೈಗಳನ್ನೂ ರಿಜಿಸ್ಟರನ್ನೂ ಒಪ್ಪಿಸಿದೆ. ಒಂದು ಪೈಸೆಯ ವ್ಯತ್ಯಾಸವಿರಲಿಲ್ಲ. ಅವರು ಸೊರಗಿದ್ದರು. ‘ತೊಂದರೆಯಾಯಿತೇನೋ ನಿಮಗೆ?’ ಎಂದು ಕೇಳಿದರು. ಇಲ್ಲವೆಂದೆ. ಕ್ಷಮೆ ಕೇಳಬೇಕಿದ್ದವನು ನಾನು, ಆದರೆ ಯಾವುದಕ್ಕೆಂದು ಹೇಳಲಿ?