ನೆರೆಮನೆಯ ಬಟ್ಟಲು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ತಾಯಂದಿರು ರಾತ್ರಿಯೂಟಕ್ಕೆ ಮಾಡಿದ ಎಣ್ಣೆಗಾಯಿಯನ್ನೋ ಝುಣಕವನ್ನೋ ಬಟ್ಟಲಿನಲ್ಲಿ ನೆರೆಮನೆಗೆ ಕಳುಹುವುದುಂಟು. ಆ ಬಟ್ಟಲನ್ನು ಬರಿದಾಗಿ ಮರಳಿಸಬಾರದೆಂಬುದು ರೂಢಿ. ಒಂದು ಹಿಡಿ ಶೇಂಗಾ ಚಟ್ನಿಯಾದರೂ ಅದರಲ್ಲಿ ಬರುವುದು. ಹಾಗಾದರೆ ಇದು ದಾಸೋಹವೋ, ಕೊಟ್ಟು ಕೊಳ್ಳುವ ವ್ಯವಹಾರವೋ?

ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಾದರೋ ಕೊಡುವವನೇ ದಾಸನು. ತುಂಬಿ ಮರಳುವ ಬಟ್ಟಲು ಈ ಮೇಲು ಕೀಳುಗಳನ್ನು ಅಳಿಸುವುದರಿಂದ ಅದು ದಾಸೋಹಕ್ಕೆ ಕುಂದು ತರದು. ಕೊಳ್ಳುವ ಕೈ ಕೀಳಲ್ಲವೆಂಬುದನ್ನು ಹಾನಗಲ್ಲ ಕುಮಾರಸ್ವಾಮಿಗಳವರೂ ತೋರಿದರು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಆ ಪೂಜ್ಯರು ಅದಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದರು.

ಕುಂದಿರುವುದು ಬೇರೊಂದೆಡೆ. ಬಟ್ಟಲು ಯಾವ ಹೊಸ್ತಿಲಿಗೆ ನಿಲ್ಲುತ್ತದೆ? ಹಬ್ಬದ ಹೋಳಿಗೆಯನ್ನು ಎಲ್ಲ ಕೇರಿಗೂ ಕೊಡುವವರುಂಟು. ಆದರೆ ಆ ಕೇರಿಯ ಒಲೆಯ ಮೇಲೆ ಬೆಂದುದನ್ನು ತಮ್ಮ ತಾಟಿನಲ್ಲಿ ಬಡಿಸಿಕೊಳ್ಳುವವರೆಷ್ಟು ಮಂದಿ? ಕೊಟ್ಟೂ ಕೊಳ್ಳದಿರುವುದು ಔದಾರ್ಯದ ವೇಷ ತೊಟ್ಟ ಕುಲಾಭಿಮಾನವೇ ಸರಿ.

ಆಯ್ದಕ್ಕಿ ಮಾರಯ್ಯನವರು ತಂದ ಅಕ್ಕಿ ಅಳತೆ ಮೀರಿದಾಗ ಲಕ್ಕಮ್ಮನವರು ಅದನ್ನು ಅಲ್ಲಿಯೇ ಸುರಿದು ಬರಹೇಳಿದರೆಂಬುದು ಶರಣಚರಿತೆ. ಅವರ ಕಣ್ಣಿಗೆ ಅನ್ನ ಶುದ್ಧವಾಗುವುದು ಕಾಯಕದಿಂದ, ಕುಲದಿಂದಲ್ಲ. ಸತ್ಯಶುದ್ಧ ಕಾಯಕದಿಂದ ಬಂದ ರೊಟ್ಟಿ ಯಾವ ಮನೆಯದಾದರೂ ಪ್ರಸಾದವೇ. ನೆರೆಯವರಿಗೆ ನೀಡಿದೆವೆಂಬ ಹಿಗ್ಗಿಗಿಂತ, ಅವರು ನೀಡಿದುದನ್ನು ಉಂಡೆವೆಂಬ ವಿನಯ ನಮ್ಮ ದಾಸೋಹಕ್ಕೆ ಒರೆಗಲ್ಲಾಗಲಿ.