ಹಗುರ ಮಾತಿನ ಭಾರ

ಭಾನುವಾರ ಸಂಜೆ ಮಾಟುಂಗದಲ್ಲಿ ನಾಲ್ಕು ಮಂದಿ ಕನ್ನಡಿಗರು ಒಂದು ಮೇಜಿನ ಸುತ್ತ ಕುಳಿತರೆ, ಕಾಫಿ ಆರುವುದರೊಳಗೆ ಅಭಿಪ್ರಾಯಗಳು ಬಿಸಿಯೇರಿರುತ್ತವೆ. ಹಿಂದೆ ರಾಜಕಾರಣ, ನಾಟಕ, ಊರಿನ ಮಳೆ ಬೆಳೆ ನಮ್ಮ ಮಾತಿನ ವಸ್ತುಗಳಾಗಿದ್ದವು. ಈಗ ಮೊಬೈಲಿನ ಆಟ, ಕಂಪ್ಯೂಟರಿನ ತಂತ್ರಾಂಶ, ವಾಟ್ಸಾಪ್ ಬಳಗಗಳೂ ಸೇರಿಕೊಂಡಿವೆ. “ಆಟದಿಂದ ಹುಡುಗರು ಕೆಟ್ಟರು”, “ತಂತ್ರಾಂಶ ಯಾವುದಾದರೇನು, ಅಕ್ಷರ ಮೂಡಿದರೆ ಸಾಕು”, “ಬಳಗದಲ್ಲಿ ಬಂದಿದೆ, ಸುಳ್ಳಿರಲಾರದು” ಎಂದು ನಾವು ಎಷ್ಟು ಸಲೀಸಾಗಿ ತೀರ್ಪು ಕೊಟ್ಟುಬಿಡುತ್ತೇವೆ! ಹರಟೆಯಲ್ಲಿ ಆಡಿದ ಮಾತಿಗೂ ಹೊಣೆ ಉಂಟೆ? ಈ ತಿಂಗಳು ನಮ್ಮನ್ನು ಕಾಡಿದ ಪ್ರಶ್ನೆ ಇದು.

ಕಾಡಲು ಕಾರಣವಿದೆ. ನಮ್ಮ ಬಳಗದ ಹಿರಿಯರೊಬ್ಬರು ತೀರಿಕೊಂಡರು. ಊರಿನ ನೆನಪುಗಳನ್ನು, ಮುಂಬಯಿಗೆ ಬಂದ ಕಾಲದ ಕಷ್ಟಸುಖಗಳನ್ನು ಅವರು ಹತ್ತಾರು ವರ್ಷ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಮನೆಯವರು ತೆರೆದು ನೋಡಿದರೆ ಅಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚುಕ್ಕೆ, ಗೀಟುಗಳ ರಾಶಿ. ಅವರು ಬಳಸಿದ್ದ ಫಾಂಟು ಹೊಸ ಯಂತ್ರದಲ್ಲಿ ಇರಲಿಲ್ಲ. ಬರೆಯಲು ತೊಡಗುವ ಮೊದಲು ಅವರು “ಯಾವುದರಲ್ಲಿ ಬರೆಯಲಿ?” ಎಂದು ಕೇಳಿದ್ದು ನಮ್ಮನ್ನೇ. “ಯಾವುದಾದರೇನು ರಾಯರೇ” ಎಂದವರೂ ನಾವೇ.

ಆ ಕಾಲದ ಅನೇಕ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ತಲೆಕಟ್ಟು, ಕೊಂಬು, ಒತ್ತುಗಳನ್ನು ತಂದು ಕೂರಿಸಿದ್ದವು. ಕಣ್ಣಿಗೆ ಅದು ಕನ್ನಡ. ಯಂತ್ರದ ಲೆಕ್ಕಕ್ಕೆ ಇಂಗ್ಲಿಷ್. ಫಾಂಟು ಹೋದರೆ ವೇಷ ಕಳಚಿದಂತೆ. ಯೂನಿಕೋಡ್ ವ್ಯವಸ್ಥೆಯಾದರೋ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿಯನ್ನು ಕೊಟ್ಟಿತ್ತು. ಅದರಲ್ಲಿ ಬರೆದದ್ದು ಫಾಂಟು ಬದಲಾದರೂ ಕನ್ನಡವಾಗಿಯೇ ಉಳಿಯುತ್ತದೆ. ಇನ್ನು ಕೀಲಿಮಣೆಯ ವಿಷಯ. ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ.ಪಿ. ರಾವ್ ಅವರು ಕನ್ನಡ ಕೀಲಿಮಣೆಯನ್ನು ಅಕ್ಷರದ ಆಕಾರದಿಂದ ಬಿಡಿಸಿ ಉಚ್ಚಾರದ ಮೇಲೆ ನಿಲ್ಲಿಸಿದರು. ವ್ಯಂಜನದ ಮುಂದೆ ಸ್ವರ ಒತ್ತಿದರೆ ಗುಣಿತಾಕ್ಷರವನ್ನು ಯಂತ್ರವೇ ಕಟ್ಟಿಕೊಳ್ಳುತ್ತದೆ. ಒಬ್ಬರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ವಿಷಯದಲ್ಲಿ ನಾವು ಒಂದು ಗುಟುಕು ಕಾಫಿಯ ನಡುವೆ ತೀರ್ಪು ಕೊಟ್ಟಿದ್ದೆವು.

ಆ ಬರಹಗಳನ್ನು ಬಿಡಿಸಹೊರಟವನು ರಾಯರ ಮೊಮ್ಮಗ. ಅವನ ಮೇಲೂ ನಮ್ಮ ಅಭಿಪ್ರಾಯ ಒಂದಿತ್ತು: “ಸದಾ ಆಟ, ಕೈಗೆ ಬರುವ ಹುಡುಗನಲ್ಲ.” ಅವನು ಹುಡುಕಿ ಹುಡುಕಿ, ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶವನ್ನು ತಂದ. ಹತ್ತು ಸಲ ಸೋತರೂ ಹನ್ನೊಂದನೆಯ ಸಲ ಕೂರುವ ಚಾಳಿ ಎಲ್ಲಿ ಬಂತಪ್ಪಾ ಎಂದು ಕೇಳಿದರೆ, “ಗೇಮಿನಲ್ಲಿ ಇದೇ ತಾನೇ ಅಂಕಲ್” ಎಂದು ನಕ್ಕ. ಆದರೆ ಹುಡುಗನಿಗೆ ಕನ್ನಡ ಓದಲು ಬಾರದು. ತೆರೆಯ ಮೇಲೆ ಬಂದದ್ದು ಸರಿಯೋ ತಪ್ಪೋ ತಿಳಿಯದು. ಅಜ್ಜಿ ಪಕ್ಕದಲ್ಲಿ ಕುಳಿತು ಓದಿದರು. ಒತ್ತು ಜಾರಿದಲ್ಲಿ, ಅರ್ಕಾವತ್ತು ತಪ್ಪಿದಲ್ಲಿ ಬೆರಳಿಟ್ಟು ತೋರಿಸಿದರು.

ಹಾಗೆಂದು ಆಟವೆಲ್ಲ ಒಳ್ಳೆಯದೆಂದು ಇನ್ನೊಂದು ಹಗುರ ತೀರ್ಪು ಕೊಡುವುದು ಬೇಡ. ಜೂಜಿನಲ್ಲಿ ಧರ್ಮರಾಯನಂಥವನೇ ರಾಜ್ಯ ಕಳೆದುಕೊಂಡ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಾದರೋ ಮಣೆಯಾಟಗಳನ್ನು ವಿದ್ಯೆಯೆಂದು ಎಣಿಸಿ ತಾವೇ ಹೊಸ ಆಟಗಳನ್ನು ರಚಿಸಿದರು. ಎರಡಕ್ಕೂ ನಾವು ಆಟವೆಂದೇ ಹೆಸರಿಟ್ಟಿದ್ದೇವೆ. 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಕಾಯಿದೆ ಕೂಡ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಉತ್ತೇಜನ ನೀಡಲು ಹೇಳುತ್ತದೆ. ಕಾಯಿದೆ ಮಾಡುವ ಈ ವಿವೇಚನೆಯನ್ನು ಮನೆಯ ಹಿರಿಯರು ಮಾಡಬಾರದೆ? ಯಾವ ಆಟ, ಎಷ್ಟು ಹೊತ್ತು, ಯಾರೊಡನೆ, ಹಣವಿಟ್ಟೋ ಇಡದೆಯೋ ಎಂದು ಕೇಳದೆ ಆಡುವ ಮಾತು ಮಗುವನ್ನು ತಿದ್ದುವುದಿಲ್ಲ. ಮುಂದೆ ಅದು ನಮ್ಮೊಡನೆ ಮಾತನಾಡದಂತೆ ಮಾಡುತ್ತದೆ, ಅಷ್ಟೆ.

ಬಳಗಗಳ ಮಾತೂ ಇದೇ. ಕನ್ನಡದಲ್ಲಿ “ಅಂತೆ” ಎಂಬ ಪುಟ್ಟ ಪದವಿದೆ. ನಾನು ಕಂಡದ್ದಲ್ಲ, ಕೇಳಿದ್ದು ಎಂಬ ಪ್ರಾಮಾಣಿಕತೆಯನ್ನು ಹಿರಿಯರು ಭಾಷೆಯೊಳಗೇ ಹೆಣೆದಿಟ್ಟರು. ವಾಟ್ಸಾಪಿನಲ್ಲಿ ಸುದ್ದಿಯನ್ನು ಮುಂದಕ್ಕೆ ತಳ್ಳುವಾಗ ನಾವು ಕಳೆಯುವುದು ಆ “ಅಂತೆ”ಯನ್ನೇ. 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯವೂ ಅಪರಿಚಿತರ ಒಂದು ಬಳಗ; ಅಲ್ಲಿ ನೀವು ಯಾರ ಪೈಕಿ ಎಂದು ಕೇಳುವುದಿಲ್ಲ, ಬರೆದದ್ದಕ್ಕೆ ಆಧಾರವೇನು ಎಂದು ಕೇಳುತ್ತಾರೆ.

ಹಾಗಾದರೆ ಹರಟೆಯೇ ಬೇಡವೆ? ಊರು ಬಿಟ್ಟು ಬಂದವರಿಗೆ ಹರಟೆ ಅರ್ಧ ಊಟ. ಅದನ್ನು ಬಿಡಿರೆಂದರೆ ನಾವೇ ಮೊದಲು ತಪ್ಪುತ್ತೇವೆ. ಯಾವ ಹೋಟೆಲಿನ ದೋಸೆ ಮೇಲು ಎಂಬ ಅಭಿಪ್ರಾಯ ತಪ್ಪಾದರೆ ನಮ್ಮ ನಾಲಿಗೆಗಷ್ಟೇ ನಷ್ಟ. ಆದರೆ ಹುಡುಗನ ಮೇಲೆ, ಕೇಳಿ ಬಂದ ಹಿರಿಯರ ಮೇಲೆ, ಎದುರಿಗಿಲ್ಲದ ನೆರೆಯವರ ಮೇಲೆ ಬೀಳುವ ಮಾತನ್ನು ಆಡುವವರು ನಾವು, ಹೊರುವವರು ಅವರು. ಮಾತಿನ ತೂಕವನ್ನು ಆಡಿದವರ ನಾಲಿಗೆಯಲ್ಲಿ ನೋಡದೆ ಹೊತ್ತವರ ಹೆಗಲ ಮೇಲೆ ನೋಡಬೇಕೆಂದು ನಮಗೆ ಈಗ ತೋರುತ್ತದೆ. ಅಂಥಲ್ಲಿ “ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇವೆ” ಎನ್ನುವುದರಲ್ಲಿ ಅವಮಾನವೇನೂ ಇಲ್ಲ.

ರಾಯರ ಬರಹಗಳಲ್ಲಿ ಹೆಚ್ಚಿನವು ಓದಲು ಬಂದವು. ಮೂರು ಮಾತ್ರ ಇನ್ನೂ ತೆರೆದಿಲ್ಲ. ಅವುಗಳಲ್ಲಿ ಏನಿತ್ತೆಂದು ಅಜ್ಜಿ ನಮ್ಮನ್ನು ಕೇಳಿದರು. ಈ ಸಲ ನಾವು ಏನೂ ಹೇಳಲಿಲ್ಲ.